ತಪ್ಪು ಪೆಟ್ಟಿಗೆ

ಕುತೈಸಿಯ ಈ ಐದಂತಸ್ತಿನ ಹಳೇ ಕಟ್ಟಡದಲ್ಲಿ
ಮೂರು ಮನೆಗೆ ಒಂದೇ ವೈಫೈ ಹಂಚಿದವಳು ನಾನು.
ದುಡ್ಡು ಮೂರು ಪಾಲು, ತಂತಿ ಒಂದೇ.
ಟಿವಿಯ ಪಕ್ಕ ಕೂರಿಸಿದ ಕರಿಯ ಪೆಟ್ಟಿಗೆಗಳು
ಸಾಬೂನಿನ ಬಿಲ್ಲೆಯಷ್ಟು ದಪ್ಪ;
ಎರಡಕ್ಕೂ ಕಂಪನಿಯವರಿಟ್ಟ ಒಂದೇ ಹೆಸರು.
ಬದಲಿಸಬೇಕಿತ್ತು. ಪರೀಕ್ಷೆಯಿತ್ತು, ಮರೆತೆ.

ಮೇಲೆ ನಾಜಿಬ್ರೋಲಾ, ಕೆಳಗೆ ವಾಝಾ.
ನಡುವೆ ಒಂದು ಗಿಲಾವು, ಹತ್ತೊಂಬತ್ತು ತಿಂಗಳ ಮೌನ.
ಅವಳ ಬಚ್ಚಲಿನ ನೀರು ಅವನ ಚಾವಣಿಗಿಳಿದು
ಮೂಡಿಸಿದ ಕಂದು ಕಲೆಯನ್ನು
ಬಂದವರಿಗೆಲ್ಲ ತೋರಿಸುತ್ತಾನೆ, ಕೋಲು ಹಿಡಿದು,
ಭೂಗೋಳದ ಮೇಷ್ಟರ ಹಾಗೆ:
"ಇಲ್ಲಿಂದ ಶುರು. ಹೋದ ಚಳಿಗಾಲಕ್ಕೆ ಇಲ್ಲಿವರೆಗೆ.
ಈಗ ನೋಡು ತೆಕ್ಲೆ, ದೀಪದ ಗಡಿ ದಾಟಿದೆ."
ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ
ನನ್ನನ್ನು ಮಾತಾಡಿಸುತ್ತಾರೆ,
ನಾನಿಲ್ಲದಿದ್ದರೆ ಬೆಕ್ಕನ್ನು.

ನವೆಂಬರಿನ ಒಂದು ಸಂಜೆ
ನಾಜಿಬ್ರೋಲಾಗೆ ಫೋನಿನಲ್ಲಿ ಒಂದು ಹಾಡು ಸಿಕ್ಕಿತು.
ರೇಷ್ಮೆ ಗಿರಣಿಯ ಹೆಂಗಸರ ಮೇಳ,
ಯಾರೋ ಹಳೆಯ ಟೇಪಿನಿಂದ ಏರಿಸಿದ್ದು.
ಮೂರು ದನಿಯ ಹಾಡು; ಕೆಳದನಿ ಇವಳದು.
ಎಲ್ಲರೂ ಮೇಲ್ದನಿಯನ್ನೇ ಹೊಗಳುತ್ತಿದ್ದರಂತೆ.
ನೆಲವನ್ನು ಯಾರು ಹೊಗಳುತ್ತಾರೆ?
ಟಿವಿಗೆ ಕಳುಹಿಸು ಅನ್ನುವಲ್ಲಿ ಒತ್ತಿದಳು.
ಪಟ್ಟಿಯಲ್ಲಿ ಎರಡು ಹೆಸರು, ಎರಡೂ ಒಂದೇ.
ಮೇಲಿನದು ನನ್ನದೇ ಇರಬೇಕು,
ಮೇಲಿರುವವಳು ನಾನಲ್ಲವೇ?

ಟಿವಿ ಮೂಕ.
ಹಾಡುತ್ತಿದೆ, ಎನ್ನುತ್ತದೆ ಫೋನು.
ದನಿ ಏರಿಸಿದಳು. ಇನ್ನೂ ಏರಿಸಿದಳು.
ಆಗ ಬಂತು, ಅಂಗಾಲಿನಿಂದ.
ನೆಲ ಗುಂಯ್‌ಗುಡುತ್ತಿತ್ತು.
ಜಮಖಾನ ಸರಿಸಿ, ಮಂಡಿಯೂರಿ,
ಹಲಗೆಗೆ ಕಿವಿಯಿಟ್ಟಳು.
ಇಪ್ಪತ್ತೆರಡರ ತನ್ನ ಗಂಟಲು
ವಾಝಾನ ಮನೆಯೊಳಗಿಂದ ಕೇಳುತ್ತಿತ್ತು.

ಕೆಳಗೆ, ಪಂದ್ಯದ ಎಂಬತ್ತೆಂಟನೇ ನಿಮಿಷ.
ಹುಡುಗ ಚೆಂಡು ಒದೆಯಲು ಕಾಲೆತ್ತಿದ್ದ.
ಎತ್ತಿದ ಕಾಲು ಎತ್ತಿದಂತೆಯೇ ಪರದೆ ಕಪ್ಪಾಗಿ
ಹೆಂಗಸರು ಹಾಡತೊಡಗಿದರು.
ಬಯ್ದ. ರಿಮೋಟನ್ನು ತೊಡೆಗೆ ಬಡಿದ.
ಬ್ಯಾಟರಿ ತೆಗೆದು ತಿರುಗಿಸಿ ಹಾಕಿದ.
ಆಮೇಲೆ ಬಯ್ಯಲಿಲ್ಲ.
(ಗೋಡೆಗೆ ಕಿವಿ ಇರುತ್ತದಂತೆ. ಅವನಿಗೂ ನನಗೂ ನಡುವಿನ
ಗೋಡೆಗೆ ಬಾಯಿಯೂ ಇದೆ.)
ಹಾಡು ಮುಗಿಯಿತು. ಗೋಲಾಯಿತೋ ಇಲ್ಲವೋ
ಅವನು ನೋಡಲು ಹೋಗಲಿಲ್ಲ.

ಮೇಲೆ ಅವಳು ದೀಪ ಆರಿಸಿ ಕೂತಿದ್ದಳು,
ಈಗ ಬಂದ, ಇನ್ನೇನು ಬಂದ ಎಂದು.
ಬಾಗಿಲು ಯಾರೂ ಬಡಿಯಲಿಲ್ಲ.

ಮರುದಿನ, ಅದೇ ಹೊತ್ತಿಗೆ,
ಅವಳ ಧಾರಾವಾಹಿಯಲ್ಲಿ ಮದುವೆ ನಡೆಯುತ್ತಿರುವಾಗ
ವಧು ಮಾಯವಾಗಿ
ನೀಲಿ ಮೇಲಂಗಿಯ ಮನುಷ್ಯನೊಬ್ಬ ಪ್ರತ್ಯಕ್ಷನಾದ:
ಬಚ್ಚಲ ತೊಟ್ಟಿಯ ಅಂಚಿಗೆ ಸಿಲಿಕೋನ್ ಬಳಿಯುವ ವಿಧಾನ.
ಹನ್ನೊಂದು ನಿಮಿಷ.
ಮೊದಲು ಹಳೆಯದನ್ನು ಕೆರೆದು ತೆಗೆಯಿರಿ.
ಒಣಗಲು ಬಿಡಿ. ಅವಸರ ಬೇಡ.
ಅವಳು ಪೂರ್ತಿ ನೋಡಿದಳು.
ಆಮೇಲೆ ನಕ್ಕ ನಗು
ಓರೆಯಾಗಿ ಇಳಿದು ನನ್ನ ಕೋಣೆಗೂ ಬಂತು.

ಶನಿವಾರ ಅವಳ ಚೀಲದಲ್ಲಿ
ಪರ್ಸಿಮನ್ ಹಣ್ಣುಗಳ ನಡುವೆ ನಿಂತಿತ್ತು
ಸಿಲಿಕೋನಿನ ಉದ್ದ ಕೊಳವೆ.
ಮೆಟ್ಟಿಲಲ್ಲಿ ವಾಝಾ ನೋಡಿದ. ಬೆಕ್ಕಿಗೆ ಹೇಳಿದ:
"ಬಿಳಿಯದಲ್ಲ, ಬಣ್ಣವಿಲ್ಲದ್ದು ತರಬೇಕಿತ್ತು."
ಬೆಕ್ಕಿಗೇ ಹೇಳಿದಳು ಅವಳೂ:
"ಅಂಗಡಿಯಲ್ಲಿದ್ದದ್ದು ಇದೇ."

ಈಗ ಚಾವಣಿ ಒಣಗಿದೆ.
ಕಲೆ ಮಾತ್ರ ಹಾಗೇ ಇದೆ, ಬಣ್ಣ ಹೊಡೆಸಿಲ್ಲ ಅವನು.
ಕೆಲವು ಸಂಜೆ ಕೆಳಗೆ ಹಾಡು ಬರುತ್ತದೆ,
ಕೆಲವು ಸಂಜೆ ಮೇಲೆ, ಮದುವೆಯ ನಡುವೆ,
ಪಂದ್ಯದ ಕೊನೆಯ ಐದು ನಿಮಿಷ.

ಹೆಸರು ಬದಲಿಸಲು ಎರಡು ನಿಮಿಷ ಸಾಕು.
ನನ್ನ ಪರೀಕ್ಷೆಯೂ ಮುಗಿದಿದೆ.
ಸರಿಮಾಡು ಬಾ ಎಂದು
ಇಬ್ಬರಲ್ಲಿ ಯಾರೂ ಕರೆದಿಲ್ಲ.