ಲಗೇಜು ಚೀಟಿ

ಹನ್ನೊಂದು ವರ್ಷ ಕುಮಟೆಗೆ ಬಂದಿದ್ದೇನೆ, ವಾರಕ್ಕೆ ಮೂರು ಸಲ.
ಕಂಡದ್ದು ಬಸ್‌ಸ್ಟ್ಯಾಂಡಿನ ಗಡಿಯಾರ, ಕಂಟ್ರೋಲರನ ಕಿಂಡಿ,
ಹದಿನೈದು ನಿಮಿಷಕ್ಕೆ ಮುಗಿಯಬೇಕಾದ ಬನ್ಸು ಭಾಜಿ.
ಮತ್ತೆ ರೈಟ್, ಮತ್ತೆ ದೇವಿಮನೆಯ ತಿರುವುಗಳು,
ಹೊಟ್ಟೆ ತೊಳೆಸುವ ಮಕ್ಕಳಿಗೆ ಹಂಚಲು ಒಂದು ಕಟ್ಟು ಪ್ಲಾಸ್ಟಿಕ್ ಚೀಲ.
ಸಮುದ್ರ ಎರಡು ಕಿಲೋಮೀಟರ್ ಅಂತ ಬೋರ್ಡು ಹೇಳುತ್ತಿತ್ತು.
ಹೇಳಲಿ, ಅಂದುಕೊಂಡಿದ್ದೆ.

ಇವತ್ತು ವಾರದ ರಜೆ.
ಖಾಕಿ ಹುಬ್ಬಳ್ಳಿಯಲ್ಲಿ ಮೊಳೆಗೆ ನೇತಾಡುತ್ತಿದೆ.
ದುಡ್ಡಿನ ಚೀಲವಿಲ್ಲದಿದ್ದರೂ ಹೆಗಲು ಒಂದು ಕಡೆಗೇ ವಾಲುತ್ತದೆ.

ಹಳೆಯ ಬಂದರಿನ ದಾರಿ ಕೇಳಿದರೆ
ಸೈಕಲ್ಲಿನ ಹುಡುಗ ತಿರುಗಿ ಕೇಳಿದ: "ಅಲ್ಲೇನುಂಟು?"
ಕೆಂಪು ಕಲ್ಲಿನ ಗೋಡೆ ಉಂಟು, ಮಾಡಿಲ್ಲ.
ಚೌಕಟ್ಟಿಗೆ ಬೀಗ ಉಂಟು, ಬಾಗಿಲಿಲ್ಲ.
ಹಡಗಿನ ಹಗ್ಗ ಬಿಗಿಯುತ್ತಿದ್ದ ಕಬ್ಬಿಣದ ಉಂಗುರಕ್ಕೆ
ಯಾರದೋ ಆಡು.

ಇಲ್ಲೇ ಇರಬೇಕು. ಮುತ್ತಜ್ಜ ದ್ಯಾಮಣ್ಣ
ಅರಳೆಯ ಅಂಡಿಗೆ ಹೇರಿ, ಒಂಬತ್ತು ದಿನ ನಡೆದು, ಘಟ್ಟ ಇಳಿದು,
ಇಳಿಸಿ, ಎಣಿಸಿ, ಎತ್ತು ತಿರುಗಿಸಿದ ಜಾಗ.
ಕಡಲು ಹೆಂಗೈತಿ ಅಂತ ಮನೆಯವರು ಕೇಳಿದರೆ
"ಗದ್ದಲ ಭಾಳ" ಅಂದನಂತೆ. ಅಷ್ಟೇ.
ಅವನೂ ನನ್ನ ಹಾಗೆ, ನೋಡದೇ ಹೋದವನು ಅಂತ ನನ್ನ ಗುಮಾನಿ.
ಬರುವಾಗ ಉಪ್ಪು, ಒಣಮೀನು. ಅವನು ಸತ್ತ ಮೇಲೂ
ಮಳೆ ಹನಿದರೆ ಆ ಗಾಡಿಯಿಂದ ವಾಸನೆ ಏಳುತ್ತಿತ್ತಂತೆ.

ಇಳಿತದ ಹೊತ್ತು. ಅಳಿವೆಯ ಕೆಸರಲ್ಲಿ ದೋಣಿಗಳು ಮಗ್ಗುಲಾಗಿದ್ದವು.
ನೀಲಿ ತಾಡಪಾಲಿನ ಮೇಲೆ ಸೀಗಡಿ ಹರವಿ
ಕಾಗೆ ಓಡಿಸುತ್ತಿದ್ದವಳು ಕೋಲು ಇಳಿಸಿ ನನ್ನನ್ನೇ ನೋಡಿದಳು.
"ನೀ ಕಂಡಕ್ಟರ್ ಅಲ್ದಾ?"
ಅಲ್ಲ ಅನ್ನುವಷ್ಟು ದೂರ ನಾನಿನ್ನೂ ಬಂದಿರಲಿಲ್ಲ.
"ಕತಗಾಲದಲ್ಲಿ ನನ್ನ ಬುಟ್ಟಿ ಇಳಿಸಿದ್ದೆ. ನನ್ನೂ. ಮಳೆ ಇತ್ತು."

ನೆನಪಿಲ್ಲ. ಎಷ್ಟು ಬುಟ್ಟಿ ಇಳಿಸಿದ್ದೇನೋ.
ಮುಂದಿನ ಸೀಟು ಮೂಗಿಗೆ ಸೆರಗು ಹಿಡಿದರೆ ಸಾಕು,
ಹೋಲ್ಡಾನ್!
ನಿಯಮ ಯಾವಾಗಲೂ ನನ್ನ ನಾಲಿಗೆಯ ತುದಿಯಲ್ಲೇ.

ಹೊನ್ನಕ್ಕ ಬೈಯಲಿಲ್ಲ. ಹೋಗಲಿ ಬಿಡು ಅಂತಲೂ ಅನ್ನಲಿಲ್ಲ.
ಕುಡಿಯಲು ನೀರು ಕೊಟ್ಟಳು.
ಅರ್ಧ ಕೇಜಿ ಸೀಗಡಿ ತೂಗಿದಳು, ಒಂದು ರೂಪಾಯಿ ಬಿಡದೆ.
ಚಿಲ್ಲರೆ ಇಲ್ಲ ಎಂದು ಸೊಂಟ ತಡವಿಕೊಂಡು
"ಹಿಂದ್ಗಡೆ ಬರ್ದು ಕೊಡ್ಲನೇ?" ಅಂದಾಗ ಮಾತ್ರ
ಹಲ್ಲು ಕಾಣುವಂತೆ ನಕ್ಕಳು.

ಆಮೇಲೆ ಗುಡ್ಡದ ತುದಿಯವರೆಗೆ ನಡೆದು ನೋಡಿದೆ.
ಗದ್ದಲ ಭಾಳ.
ಮುತ್ತಜ್ಜಾ, ಸುಮ್ಮನೆ ನಿನ್ನ ಮೇಲೆ ಗುಮಾನಿಪಟ್ಟೆ.

ಸಂಜೆಯ ಬಸ್ಸಿಗೆ ಹೊಸ ಹುಡುಗ, ಇಸ್ತ್ರಿ ಮುರಿಯದ ಖಾಕಿ.
ಘಟ್ಟದ ಮೂರನೆಯ ತಿರುವಿಗೆ ಮುಂದಿನ ಸೀಟು ಗೊಣಗಿತು.
ಅವನು ಸೀಟು ಸೀಟಿಗೂ ಬಗ್ಗಿ ಮೂಸುತ್ತ ಬರುತ್ತಿದ್ದಾನೆ.
ತೊಡೆಯ ಮೇಲಿನ ಪೊಟ್ಟಣ ಗಟ್ಟಿ ಹಿಡಿದು
ಲಗೇಜು ಚೀಟಿಗೆ ಚಿಲ್ಲರೆ ಎಣಿಸುತ್ತಿದ್ದೇನೆ.
ಹೊರಗೆ ಮೋಡ ಇಳಿದಿದೆ.
ಮಳೆ ಬರುವ ಹಾಗಿದೆ.