ಒದರು

ಪದಕೋಶದ ಚೀಟಿಯ ಮೇಲೆ ಮೊದಲು ಬರೆದದ್ದು:
ಒದರು, ಕ್ರಿಯಾಪದ. ಕೂಗು, ಅರಚು.
ಕೆಳಗೆ, ಬೇರೆ ಶಾಯಿಯಲ್ಲಿ: ಕೊಡವು, ಜಾಡಿಸು.
ಎರಡೂ ಒಂದೇ ಬೇರಿನವೋ
ಬರೀ ಅಕ್ಕಪಕ್ಕದ ಮನೆಯವೋ, ನನಗೆ ಗೊತ್ತಿಲ್ಲ.
ಹಿಂದೆ ಇದಕ್ಕೆ ಶಕಟರೇಫದ ಗಾಲಿ ಇತ್ತಂತೆ.
ಬಂಡಿ ಯಾವತ್ತೋ ಹೋಯಿತು,
ಗಲಗಲ ಉಳಿಯಿತು.

ನಮ್ಮಮ್ಮ ಚಮನ್‌ಬಿ
ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ
ಎರಡನ್ನೂ ಒಂದೇ ಉಸಿರಿಗೆ ಮಾಡುತ್ತಿದ್ದಳು:
ಖಾಲಿ ಚೀಲದ ಎರಡು ಕಿವಿ ಹಿಡಿದು
ಫಟ್ಟೆಂದು ಒದರಿ,
ಹೊಲಿಗೆಯ ಸಂದಿಯ ಕಾಳೂ ಉದುರಿದ ಮೇಲೆ
ಅದೇ ಏಟಿಗೆ ಓಣಿಯ ಆ ತುದಿಗೆ
‘ಲೋ ಬಶೀರಾ, ಚೀಲ ತಾರೋ!’
ಮುದ್ದಿಗೆ ಉರ್ದು. ಒದರಲಿಕ್ಕೆ ಕನ್ನಡ.

ಪಕ್ಕದ ಸಂದಿಯಲ್ಲಿ ಬಾಡಿಗೆಗಿದ್ದ ಗೊಂಬೆ ಕೊಟ್ರೇಶಿ.
ಶಾಲೆ ಶಾಲೆ ತಿರುಗಿ, ತುಟಿ ಅಲ್ಲಾಡಿಸದೆ
ಮರದ ಹುಡುಗನ ಬಾಯಲ್ಲಿ ಲೆಕ್ಕ ಹೇಳಿಸುವವ.
‘ಇದು ಹೊಟ್ಟೆಯಿಂದ ಆಡೋ ಮಾತು ಚಮನಕ್ಕಾ,
ಇದಕ್ಕೆ ನಮ್ಮಲ್ಲಿ ಏನಂತಾರೆ?’
‘ಹೊಟ್ಟೆಪಾಡು ಅಂತಾರೆ’ ಅಂದಳು,
ಒಲೆಗೆ ಇನ್ನೊಂದು ಮೊರ ಹೊಟ್ಟು ಸುರಿದು.

ಇಪ್ಪತ್ತು ವರ್ಷದ ಹೊಗೆ ಗಂಟಲಲ್ಲಿ ಕೂತಿತು.
ಎರಡು ತಿಂಗಳು ಪಿಟ್ಟೆನ್ನಬಾರದು ಅಂದರು ಡಾಕ್ಟರು.
ಚಿಟಿಕೆ ಹೊಡೆದಳು, ತಟ್ಟೆ ಬಡಿದಳು.
ಬಶೀರ ಬೀಡಿ ಸೇದುತ್ತ ಕೂತೇ ಇದ್ದ.
ಕಾದ ಉಸುಕಿನಲ್ಲಿ ಅಕ್ಕಿ ಕರಕಲಾಗುತ್ತಿತ್ತು.

ಆಗ ಎಲ್ಲಿಂದಲೋ
ಒಲೆಯ ಬಾಯಿಂದಲೋ, ಸೂರಿನ ತಗಡಿನಿಂದಲೋ
‘ಲೋ ಬಶೀರಾ, ಚೀಲ ತಾರೋ!’
ಅದೇ ಬಿರುಸು, ಕೊನೆಯಲ್ಲಿ ಅದೇ ಸಣ್ಣ ಸೀಳು.
ಬೀಡಿ ಬಿಸಾಕಿ ಓಡಿ ಬಂದ.
ಇಡೀ ಓಣಿ ಅಮ್ಮನ ಬಾಯಿ ನೋಡಿತು.
ಅಮ್ಮ ಕೊಟ್ರೇಶಿಯ ಬಾಯಿ ನೋಡಿದಳು.
ಅವನು ಮಂಡಕ್ಕಿ ಮುಕ್ಕುತ್ತ, ತುಟಿ ಮುಚ್ಚಿ,
ಆಕಾಶ ನೋಡುತ್ತಿದ್ದ.

ನಗಲಿಲ್ಲ ಅವಳು.
ಒಂದು ಚೀಲ ಎತ್ತಿಕೊಂಡು
ಅವನ ಮುಖದ ಮುಂದೆಯೇ ಒದರಿದಳು, ಮೂರು ಸಲ,
ಅವನ ರೆಪ್ಪೆಯೆಲ್ಲ ಬಿಳಿ ಧೂಳಾಗುವ ಹಾಗೆ.
ತನ್ನದನ್ನು ಹಿಂದಕ್ಕೆ ಕೇಳಿದಳೋ,
ಸಾಲದ ಚೀಟಿ ಬರೆದುಕೊಟ್ಟಳೋ,
ಇವತ್ತಿಗೂ ತಿಳಿಯದು.

ಮೂರನೆಯ ಅರ್ಥಕ್ಕೆ
ಚೀಟಿಯಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.
ಅದರ ಮಡಿಕೆಯಲ್ಲಿ
ಹೇಗೋ ಬಂದು ಸೇರಿಕೊಂಡ
ಅರ್ಧ ಅರಳಿದ ಒಂದು ಕಾಳು.