ಕೊಸರು

ಗ್ಯಾಂಬಿಯಾ ನದಿಯ ಮೇಲ್ದಂಡೆ, ಬಾಸೆ ಪೇಟೆಯ ಗೋದಾಮು.
ಹದಿನೇಳು ಹೆಂಗಸರು, ಹದಿನೇಳು ಮೊರ.
ದುಂಡಗೆ ಕೆಂಪಗಿದ್ದ ಶೇಂಗಾ ಚೀಲಕ್ಕೆ,
ಅದು ಹಡಗು ಹತ್ತುತ್ತದೆ.
ಸುಕ್ಕಿದ್ದು, ಹುಳ ಕಚ್ಚಿದ್ದು, ಹಸಿರು ಬೂಷ್ಟು ಹಿಡಿದದ್ದು
ಕಾಲ ಬಳಿ.
ಅದು ನಮಗೆ, ಕೂಲಿಯ ಮೇಲಿನ ಕೊಸರು.

ಕಡಲಾಚೆಯವರ ಕಾನೂನು ಬಲು ಸೂಕ್ಷ್ಮವಂತೆ:
ಆ ಬೂಷ್ಟಿನ ವಿಷ
ನೂರು ಕೋಟಿಯಲ್ಲಿ ನಾಲ್ಕು ಪಾಲು ದಾಟಿದರೂ ಸರಕು ವಾಪಸ್ಸು.
ನಮ್ಮ ಮಡಕೆಯ ಮುಂದೆ ತಕ್ಕಡಿ ಹಿಡಿದು ಯಾರೂ ನಿಲ್ಲುವುದಿಲ್ಲ.
ಕುಟ್ಟಿ, ಟೊಮೆಟೊ ಹಿಂಡಿ, ದೊಮೊದಾ ಕುದಿಸಿದರೆ
ಮೆಣಸಿನ ಖಾರದಲ್ಲಿ ಕಹಿ ಮಾತಾಡುವುದಿಲ್ಲ.

ಕೆಬ್ಬಾ ಅನ್ನದ ನಡುವೆ ಗುಳಿ ತೋಡಿ
ಇನ್ನೊಂದು ಸೌಟು ಅನ್ನುತ್ತಿದ್ದ.
ನಲವತ್ತೊಂದಕ್ಕೆ ಬಲಪಕ್ಕೆಯ ಕೆಳಗೆ
ಮಾವಿನಕಾಯಿಯಷ್ಟು ಗಟ್ಟಿ.
ಆಸ್ಪತ್ರೆಯ ಹುಡುಗ ತಣ್ಣನೆಯ ಯಂತ್ರ ಒತ್ತಿ, ಪರದೆ ನೋಡಿ,
ನನ್ನ ಕಡೆ ತಿರುಗಿ ಕೇಳಿದ:
‘ಮನೆಯಲ್ಲಿ ಯಾವ ಶೇಂಗಾ ತಿನ್ನುತ್ತೀರಿ?’

ಒಂದೇ ಗಿಡ. ಎರಡು ಕಾಯಿ.
ಯಾವುದು ಯಾರ ಹೊಟ್ಟೆಗೆ ಎಂದು ವಿಂಗಡಿಸಿದ್ದು
ಈ ಬೆರಳು.
ಈ ಪೇಟೆಯಲ್ಲಿ ಸಿರ್ರಾಳ ಕೈ ಅಂದರೆ ಹೆಸರು,
ಹನ್ನೆರಡು ವರ್ಷದಲ್ಲಿ ನನ್ನ ಮೊರ ತಪ್ಪಿಸಿಕೊಂಡು
ಒಂದು ಕೆಟ್ಟ ಕಾಳು ಕಡಲು ದಾಟಿಲ್ಲ.

ಮಣ್ಣು ಕೊಟ್ಟ ಒಂಬತ್ತನೆಯ ದಿನ ಕೆಲಸಕ್ಕೆ ಬಂದೆ.
ಸಂಜೆ, ಕೊಸರು ಬೇಡ ಅಂದೆ.
ಮೇಸ್ತ್ರಿ ಲೆಕ್ಕದ ಪುಸ್ತಕದಿಂದ ತಲೆಯೆತ್ತಲಿಲ್ಲ:
‘ಮತ್ತೆ ರಾತ್ರಿಗೆ?’

ನಾನು ಬಾಯಿ ತೆರೆಯುವಷ್ಟರಲ್ಲಿ
ಪಕ್ಕದ ತೀದಾ ನನ್ನ ಪಾಲನ್ನೂ ಬಾಚಿ
ತನ್ನ ಉಡಿ ತುಂಬಿಕೊಳ್ಳುತ್ತಿದ್ದಳು.